ಹೊರಡುವ ಹೊತ್ತಿನಲ್ಲಿ ಆಡದ ಮಾತು

ಗಾಜಿನ ಮೇಲೆ ಮೊದಲು ಒಂದು ಕಂದು ಗೆರೆ ಬಿತ್ತು, ಆಮೇಲೆ ಮೂರು. ಎಂಜಿನ್ನಿನ ಎಣ್ಣೆ! ವರ್ನಾ ಮುಂದಕ್ಕೆ ಬಾಗಿ ನೋಡಿದಳು.

ಅವಳದೇ ಎರಡು ಸೀಟಿನ ಪುಟ್ಟ ವಿಮಾನ, ಚಕ್ರದ ಬದಲು ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿದ್ದದ್ದು. ಕೆಳಗೆ ಹೆಪ್ಪುಗಟ್ಟಿದ ಕೊಯುಕುಕ್ ನದಿ, ಹೊರಗೆ ಸೊನ್ನೆಗಿಂತ ನಲವತ್ತೆರಡು ಡಿಗ್ರಿ ಕೆಳಗಿನ ಚಳಿ. ಹಿಂದಿನ ಸೀಟಿನಲ್ಲಿ ಸೋದರಮಾವ ಕ್ಲೀಟಸ್ ನರಳುತ್ತಿದ್ದ. ಅಪೆಂಡಿಕ್ಸ್ ಒಡೆಯುವುದರೊಳಗೆ ಅವನನ್ನು ಆಸ್ಪತ್ರೆ ಮುಟ್ಟಿಸಬೇಕು. ಇನ್ನೂ ಇಪ್ಪತ್ತೈದು ನಿಮಿಷದ ದಾರಿ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಅಷ್ಟು ಹೊತ್ತು ತಡೆಯುವ ಹಾಗೆ ಕಾಣಲಿಲ್ಲ.

“ಮಾವ, ನದಿ ಮೇಲೆ ಇಳಿಸ್ತೀನಿ. ಗಟ್ಟಿಯಾಗಿ ಹಿಡ್ಕೋ.”

“ಹಿಡ್ಕೊಳ್ಳೋಕೆ ಹೊಟ್ಟೆ ಬಿಟ್ರೆ ಇನ್ನೇನಿದೆಯೇ ಇಲ್ಲಿ?”

ನದಿಯ ಮೇಲೆ ಇಳಿಸಿದವಳೇ ಎಂಜಿನ್ ನಿಲ್ಲಿಸಿ, ಹೊರಗೆ ಜಿಗಿದು ಅದರ ಮುಚ್ಚಳ ತೆಗೆದಳು. ಎಂಜಿನ್ನು ತಣಿದು ಕಲ್ಲಾಗುವುದಕ್ಕೆ ಅರ್ಧ ಗಂಟೆ ಸಾಕು. ಎಂಜಿನ್ನು ಉಸಿರು ಬಿಡುವ ಕೊಳವೆಯ ಬಾಯಲ್ಲಿ ಮಂಜುಗಡ್ಡೆ ಬಿರಡೆಯಾಗಿ ಕೂತಿತ್ತು. ಹಾಗಾಗುತ್ತದೆಂದೇ ಆ ಸೀಮೆಯವರೆಲ್ಲ ಕೊಳವೆಯ ಮೇಲುಭಾಗದಲ್ಲಿ ಇನ್ನೊಂದು ತೂತು ಕೊರೆದಿರುತ್ತಾರೆ. ಈ ಮಹಾತಾಯಿ ವರ್ನಾ ನಿನ್ನೆ ಕೊಳವೆ ಬೆಚ್ಚಗಿರಲೆಂದು ಬಟ್ಟೆ ಸುತ್ತಿ, ಆ ತೂತಿನ ಮೇಲೂ ಟೇಪು ಬಿಗಿದಿದ್ದಳು. ಉಸಿರುಗಟ್ಟಿದ ಎಂಜಿನ್ನು ಮುಂದಿನಿಂದ ಎಣ್ಣೆ ಕಕ್ಕಿತ್ತು.

“ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ತೂತು ಮುಚ್ಚಿಬಿಟ್ಟಿದ್ದೀನಿ, ಮಾವ.”

“ಬೆಳಿಗ್ಗೇನೇ ನೋಡ್ದೆ.”

“ನೋಡಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?”

“ಹೊರಡೋ ಹೊತ್ತಲ್ಲಿ ಕೆಟ್ಟದ್ದು ಬಾಯಲ್ಲಿ ತರಬಾರ್ದು ಕಣೆ. ಆಡಿದ್ರೆ ಆಗುತ್ತೆ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?”

ಹೇಳಿಕೊಟ್ಟಿದ್ದಳು. ವರ್ನಾಳೂ ಇಷ್ಟು ವರ್ಷ ಹಾಗೇ ನಡೆದುಕೊಂಡಿದ್ದಳು. ಅದಕ್ಕೇ ಅವಳ ಸಿಟ್ಟು ನೆತ್ತಿಗೇರಿತು. ಟೇಪು ಕಿತ್ತೆಸೆದು, ಮಂಜುಗಡ್ಡೆ ಕುಟ್ಟಿ ಉದುರಿಸಿ, ಕೋಟಿನೊಳಗೆ ಬೆಚ್ಚಗಿಟ್ಟಿದ್ದ ಎಣ್ಣೆ ಸುರಿದಳು. ಎಣ್ಣೆ ಹೊರಬಾರದಂತೆ ತಡೆಯುವ ಮುಂದಿನ ಸೀಲು ಇನ್ನೂ ಪೂರ್ತಿ ಹರಿದಿರಲಿಲ್ಲ, ಅದೇ ಪುಣ್ಯ.

“ಇನ್ಮೇಲೆ ಕಣ್ಣಿಗೆ ಏನು ಕೆಟ್ಟದ್ದು ಕಂಡ್ರೂ ಹೇಳಬೇಕು. ನನ್ನಾಣೆ!”

ಮೂರನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ವೇಗ ಹೆಚ್ಚಿಸಲು ಅವಳು ಕೈ ಚಾಚಿದಳು.

“ವರ್ನಾ... ಎಡಗಡೆ ಸ್ಕೀ. ಹಿಮದಡಿ ನದಿ ನೀರು ನುಗ್ಗಿ ಅದಕ್ಕಂಟಿ ಗಡ್ಡೆಕಟ್ಟಿದೆ. ಹೀಗೇ ಎಳೆದ್ರೆ ಮುರಿದುಹೋಗುತ್ತೆ. ಇಬ್ರೂ ಇಲ್ಲೇ ಸಾಯ್ತೀವಿ.”

ಎಪ್ಪತ್ತು ವರ್ಷ ನಾಲಿಗೆ ಕಟ್ಟಿಕೊಂಡಿದ್ದ ಮುದುಕ ಅಷ್ಟು ಹೇಳಿ ಮುಖ ಮುಚ್ಚಿಕೊಂಡ. ವರ್ನಾ ಕೊಡಲಿಯ ಹಿಂಬದಿಯಿಂದ ಸ್ಕೀಯನ್ನು ಕುಟ್ಟಿ ಬಿಡಿಸಿ ಬಂದಳು.

ಮೇಲೇರಿದ ಮೇಲೂ ಅವನು ಬಿಡಲಿಲ್ಲ. “ಮುಳ್ಳು ಇಳೀತಿದೆ.” “ಗಾಜಿನ ಮೇಲೆ ಮತ್ತೆ ಎಣ್ಣೆ.” ಪ್ರತಿ ಸಲವೂ ಅವನ ದನಿ ನಡುಗುತ್ತಿತ್ತು. “ಕಂಡೆ ಮಾವ, ಕಂಡೆ,” ಎನ್ನುತ್ತಾ ಅವಳು ಹಲ್ಲು ಕಚ್ಚಿ ಹಾರಿಸಿದಳು.

ಆಸ್ಪತ್ರೆಯಿದ್ದ ಊರಿನ ರನ್‌ವೇ ಮುಟ್ಟಿದಾಗ ಮುಳ್ಳು ಹೆಚ್ಚುಕಡಿಮೆ ಸೊನ್ನೆಯಲ್ಲಿತ್ತು. ವರ್ನಾಳಿಗೆ ಅಳು ಉಕ್ಕಿ ಬಂತು. “ಬಂದ್ವಿ ಮಾವ, ಗೆದ್ವಿ!”

“ಹೊಟ್ಟೆನೋವು ನಿಂತುಹೋಯ್ತು ಕಣೆ.”

“ಒಳ್ಳೇದಾಯ್ತಲ್ಲ!”

“ಇಲ್ಲ.” ಮುದುಕ ಅವಳ ತೋಳು ಹಿಡಿದ. “ಒಂದೇ ಸಲಕ್ಕೆ ನಿಂತುಹೋಯ್ತು. ಒಳಗೆ ಏನೋ ಒಡೆದಿದೆ. ಓಡು, ಹೇಳು ಆಸ್ಪತ್ರೆಯವ್ರಿಗೆ.”

ಸ್ಟ್ರೆಚರ್ ತರುತ್ತಿದ್ದ ನರ್ಸಮ್ಮನಿಗೆ ವರ್ನಾ ಕೂಗಿ ಹೇಳಿದಳು. ಆಕೆಯ ಮುಖ ಬದಲಾಯಿತು.

“ಎಷ್ಟು ಹೊತ್ತಾಯ್ತು?”

“ಐದು ನಿಮಿಷ,” ಎಂದು ಕ್ಲೀಟಸ್ ತಾನೇ ಹೇಳಿದ.

ಅವನನ್ನು ಸ್ಟ್ರೆಚರಿಗೆ ಹಾಕಿಕೊಂಡು ಅವರು ಓಡತೊಡಗಿದರು.