ಬಾಯಿ ಬಿಡಬಾರದ ಪರೀಕ್ಷೆ

ಕುದೂರಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ನಮ್ಮ ಯಜಮಾನರು ಅಶ್ವಥ್, ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್ ಬರೆದಿದ್ದರು. ಯಾರು ಬೇಕಾದರೂ ತಿದ್ದಿ ಬಳಸಲಿ ಅಂತ ಕೋಡ್ ಸಮೇತ ಪುಕ್ಕಟೆ ಇಂಟರ್ನೆಟ್‌ಗೆ ಹಾಕೋರಿದ್ದರು. ಅದಕ್ಕೆ ಮೊದಲು, ಏನೂ ಗೊತ್ತಿಲ್ಲದವರೊಬ್ಬರು ಬರೀ ಕೈಪಿಡಿ ಓದಿ ಆ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕು, ಬರೆದವರು ಬಾಯಿ ಬಿಡಬಾರದು ಅಂತ ಅವರದೇ ನಿಯಮ. ಒಲೆ ಮೇಲಿನ ಸಾರು ಇಳಿಸಿ ನಾನೇ ಕೂತೆ.

ಕೈಪಿಡಿ ಇದ್ದದ್ದು ಅದೇ ಕಂಪ್ಯೂಟರಿನ ಪರದೆ ಮೇಲೆ. ಓದುತ್ತಾ ಹೋದೆ. "ಈಗ ಕಂಪ್ಯೂಟರ್ ಆಫ್ ಮಾಡಿ" ಅಂತಿತ್ತು. ಮಾಡಿದೆ. ಕೈಪಿಡಿಯೂ ಮಾಯವಾಯಿತು. ಕೈ ಕಟ್ಟಿ ಕೂತೆ.

ಪಕ್ಕದಲ್ಲೇ ನಿಂತಿದ್ದ ಅವರು ಒದ್ದಾಡಿ ಒದ್ದಾಡಿ, "ಆನ್ ಮಾಡೇ!" ಅಂದೇಬಿಟ್ಟರು.

"ಅದೆಲ್ಲಿ ಬರ್ದೈತೆ, ಒಸಿ ತೋರ್ಸಿ ಮತ್ತೆ," ಅಂದೆ.

ಅವರೇ ಆನ್ ಮಾಡಿ, ಕೈಪಿಡಿ ತಿದ್ದೋಕೆ ಕೂತರು.

ಈಗ ಕೈಪಿಡಿ ಶುರುವಾಗೋದೇ ಹೀಗೆ: "ಮೊದಲು ಇದರ ಪ್ರಿಂಟ್ ತೆಗೆದುಕೊಳ್ಳಿ. ಇಲ್ಲದಿದ್ದರೆ ನನ್ನ ಹೆಂಡತಿ ಬೈಯುತ್ತಾಳೆ."