ಸೊಸೆ ಕೂರಿಸಿದ ಪಕ್ಕೆಲುಬು

ಮಾವನ ಹಳೇ ಫೈಬರ್ ದೋಣಿಯ ತಳ ಕಾಲಿಟ್ಟಲ್ಲೆಲ್ಲ ಬಳುಕುತ್ತಿತ್ತು. ಗುಜರಿಗೆ ಹಾಕಿಬಿಡು ಎಂದು ಗೆಳೆಯರೆಲ್ಲ ಹೇಳಿದರು. ಬಡಗಿ ಕೆಲಸ ಕಲಿತ ಸೊಸೆ ಮಾತ್ರ ಒಪ್ಪಲಿಲ್ಲ.

“ಮೈ ಗಟ್ಟಿಯಾಗೇ ಇದೆ ಮಾವ, ಒಳಗೆ ಪಕ್ಕೆಲುಬಿಲ್ಲ ಅಷ್ಟೆ,” ಎಂದಳು.

ತಳವನ್ನು ಉಜ್ಜಿ ಒಣಗಿಸಿ, ಅಡ್ಡಡ್ಡಲಾಗಿ ಮರದ ಪಟ್ಟಿಗಳನ್ನು ಕೂರಿಸಿ, ಅವುಗಳ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ ರಾಳ ಬಳಿದಳು. ಕೈಯೆಲ್ಲ ತುರಿಸಿದರೂ ಕೆಲಸ ಬಿಡಲಿಲ್ಲ.

ರಾಳ ಗಟ್ಟಿಯಾದ ಮೇಲೆ ಇಬ್ಬರೂ ದೋಣಿಯನ್ನು ನೀರಿಗಿಳಿಸಿದರು. ಅಲೆ ಬಡಿದರೂ ತಳ ಮಿಸುಕಲಿಲ್ಲ. ಮಾವ ಎದ್ದುನಿಂತು ಕುಪ್ಪಳಿಸಿಯೇ ನೋಡಿದರು.

“ಬೀಳ್ತೀರಿ ಮಾವ, ಕೂತ್ಕೊಳ್ಳಿ!”

“ಎಲ್ಲಿ ಬೀಳೋದು? ಕಲ್ಲುಬಂಡೆ ಇದ್ದಂಗಿದೆ ಕಣಮ್ಮ!”

ಹೆತ್ತ ಮಗನಿಗೂ ಚುಕ್ಕಾಣಿ ಬಿಟ್ಟುಕೊಡದ ಮನುಷ್ಯ ಅದನ್ನು ಸೊಸೆಯ ಕೈಗಿತ್ತರು. ಎದುರು ಬಂದ ದೋಣಿಯವರಿಗೆಲ್ಲ ಎದೆಯುಬ್ಬಿಸಿ ಕೂಗಿದರು: “ನನ್ನ ಸೊಸೆ ಕೆಲಸ ಇದು, ಬಂದು ತುಳಿದು ನೋಡ್ರೋ!”