ಗುರಿ ತಪ್ಪಿದ ದಿನದ ರೋಹಿತ

ಕೋಥರೂಡದ ಕಾಲೇಜೊಂದರಲ್ಲಿ ಹನ್ನೆರಡು ವರ್ಷ ಭೌತಶಾಸ್ತ್ರ ಕಲಿಸಿದ ರೇಣು, ನಲವತ್ತೊಂದನೆಯ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು ಖಗೋಳ ಸಂಸ್ಥೆಯೊಂದಕ್ಕೆ ಸಂಶೋಧಕಿಯಾಗಿ ಸೇರಿದಾಗ ನೆಂಟರೆಲ್ಲ ಹುಬ್ಬೇರಿಸಿದ್ದರು. ಅತ್ತೆ ಪಾರವ್ವ ಮಾತ್ರ, "ಹೋಗವಾ, ಮನಿ ನಾ ನೋಡ್ಕೋತೀನಿ" ಅಂದಿದ್ದರು.

ಆ ವರ್ಷ ಬಲು ದೂರದಿಂದ ಧೂಮಕೇತುವೊಂದು ಸೂರ್ಯನತ್ತ ಬರುತ್ತಿತ್ತು. ಅದರ ಸುತ್ತಲಿನ ಅನಿಲಗಳು ಸೂಸುವ ನೇರಳಾತೀತ ಬೆಳಕು ನಮ್ಮ ವಾತಾವರಣ ದಾಟಿ ಕೆಳಗಿಳಿಯದು. ಬಾಹ್ಯಾಕಾಶದ ದೂರದರ್ಶಕವೇ ಹಿಡಿಯಬೇಕು. ಹಾಗೆ ಹಿಡಿದು ಬಿಡಿಸಿದ ಬೆಳಕಿನ ಪಟ್ಟಿ, ಅಂದರೆ ರೋಹಿತ, ರೇಣುವಿನ ಕೈಗೆ ಬಂತು. ಅದರಲ್ಲಿ ಒಂದೊಂದು ಅನಿಲಕ್ಕೂ ಅದರದೇ ಗೆರೆಗಳು. ಎಲ್ಲರೂ ಕಾಯುತ್ತಿದ್ದ ನೀರಿನ ಗುರುತು ಸಣಕಲಾಗಿತ್ತು. ಕಾರ್ಬನ್ ಮಾನಾಕ್ಸೈಡಿನ ಗೆರೆಗಳೋ ಎದ್ದು ನಿಂತಿದ್ದವು. ಅಷ್ಟೊಂದು ಅನಿಲ ಮಂಜುಗಡ್ಡೆಯಾಗಿ ಉಳಿದಿರಬೇಕಾದರೆ ಧೂಮಕೇತು ಹುಟ್ಟಿದ ತಾಣ ಊಹೆಗೂ ಮೀರಿದ ಚಳಿಯದ್ದೇ ಸರಿ.

ತಂಡದ ಮುಖ್ಯಸ್ಥ ಶಿವರುದ್ರಪ್ಪ ನೋಡಿ ತಲೆಯಾಡಿಸಿದರು.

"ಇದು ಗ್ಯಾಸ್ ಅಲ್ರೀ ರೇಣು. ಉಪಕರಣದಾಗಿನ ಕಲೆ ಇರಬೇಕು. ಛಾಪಿಸಿದ್ರ ಮಂದಿ ನಗತಾರ."

ಸಂಜೆ ರೊಟ್ಟಿ ತಟ್ಟೆ ಪಕ್ಕಕ್ಕೆ ಸರಿಸಿ ರೇಣು ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದಳು. ವಿಷಯ ಕೇಳಿದ ಪಾರವ್ವ ಲಟ್ಟಣಿಗೆ ಕೆಳಗಿಟ್ಟರು.

"ಅವ್ರು ಅಲ್ಲ ಅಂದ್ರು, ನೀ ಎದ್ದು ಬಂದಿ? ಅಲ್ಲ ಅಂತ ತೋರಿಸ್ರಿ ಅನ್ನೂದಿಲ್ಲೇನು?"

ಮರುದಿನ ಬಸ್ಸಿನಲ್ಲಿ ನಿಂತಿದ್ದಾಗ ರೇಣುವಿಗೆ ಥಟ್ಟನೆ ನೆನಪಾಯಿತು. ಎರಡನೆಯ ದಿನದ ವೀಕ್ಷಣೆಯಲ್ಲಿ ದೂರದರ್ಶಕದ ಗುರಿ ತುಸು ತಪ್ಪಿ, ಧೂಮಕೇತುವಿನ ಬೆಳಕು ಉಪಕರಣದ ನಡುವೆ ಬೀಳದೆ ಅಂಚಿಗೆ ಬಿದ್ದಿತ್ತು. ಕೆಟ್ಟಿತೆಂದು ಅದನ್ನು ಯಾರೂ ಮುಟ್ಟಿರಲಿಲ್ಲ. ಗೆರೆಗಳು ಉಪಕರಣದ ಕಲೆಯಾಗಿದ್ದರೆ ಮೊದಲ ದಿನದಂತೆ ಅಂದೂ ನಡುವೆಯೇ ಇರಬೇಕು. ಅನಿಲದ್ದಾಗಿದ್ದರೆ ಧೂಮಕೇತುವಿನ ಜೊತೆ ಅಂಚಿಗೆ ಹೋಗಿರಬೇಕು!

ಎರಡು ದಿನ ಕೂತು ಆ ದತ್ತಾಂಶವನ್ನು ಶುದ್ಧಮಾಡಿದಳು. ನಡು ಬೋಳು. ಗೆರೆಗಳೆಲ್ಲ ಅಂಚಿನಲ್ಲಿ. ಆದರೂ ತನ್ನ ಕಣ್ಣನ್ನೇ ನಂಬದೆ, ಬೆಂಗಳೂರಿನಿಂದ ಬಂದಿದ್ದ ಸಹೋದ್ಯೋಗಿ ವಿಕಾಸನಿಗೆ ಏನೂ ಹೇಳದೆ ಮೂಲ ದತ್ತಾಂಶ ಕೊಟ್ಟಳು. ಅವನು ಮರುದಿನ ಓಡುತ್ತಲೇ ಬಂದ.

"ಮೇಡಂ, ಲೈನ್ಸ್ ಎಲ್ಲ ಅಂಚಲ್ಲಿದೆ! ಮಧ್ಯ ಖಾಲಿ!"

ಶುಕ್ರವಾರದ ಸಭೆಯಲ್ಲಿ ರೇಣು ಎರಡೂ ದಿನದ ರೋಹಿತಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು.

"ಸರ್, ಕಲೆ ಆಗಿದ್ರ ಧೂಮಕೇತು ಸರಿದಾಗ ಅದರ ಬೆನ್ನ ಹತ್ತಿ ಹೋಗತಿತ್ತೇನ್ರಿ?"

ಶಿವರುದ್ರಪ್ಪ ಎದ್ದು ಪರದೆಯ ಹತ್ತಿರ ಹೋದರು. ಗೆರೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿ, ಎಲ್ಲರತ್ತ ತಿರುಗಿದರು.

"ಇಲ್ರಿ. ನಾ ತಪ್ಪಿದೆ. ಇದು ಗ್ಯಾಸೇ ಅದ. ಪೇಪರ್ ಬರೀರಿ ರೇಣು, ಮೊದಲ ಹೆಸರು ನಿಮ್ದ ಇರ್ಲಿ."

ವಿಕಾಸ ಹೊಡೆದ ಮೊದಲ ಚಪ್ಪಾಳೆಗೆ ಇಡೀ ಕೋಣೆ ದನಿಗೂಡಿಸಿತು. ರೇಣು ಹೊರಗೆ ಬಂದು ಮನೆಗೆ ಫೋನ್ ಮಾಡಿದಳು.

"ಅತ್ತಿ, ಒಪ್ಪಿದ್ರು!"

"ಏನಂದಿ? ಕುಕ್ಕರ್ ಕೂಗಾಕತ್ತೈತಿ, ಜೋರ ಹೇಳು!"

"ಒಪ್ಪಿದ್ರು! ನಾ ಗೆದ್ದೆ ಅತ್ತೀ!"

ಗೇಟಿನ ಕಾವಲುಗಾರ ಗಾಬರಿಯಿಂದ ತಿರುಗಿ ನೋಡಿದ. ರೇಣು ಅವನತ್ತಲೂ ಕೈಬೀಸಿ ನಕ್ಕಳು.